ಸಂಖ್ಯಾತಪಸ್ವಿ ಮರಿನ್ ಮರ್ಸೆನ್

ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ಯಾರಿಸ್ ನಗರದ ರಾಜಚೌಕದ ಸಮೀಪದ ಮಠವೊಂದರಲ್ಲಿ ಒಬ್ಬ ಸಂನ್ಯಾಸಿ ಸುಮಾರು ಇಪ್ಪತ್ತೊಂಬತ್ತು ವರ್ಷಗಳ ಕಾಲ ವಾಸವಾಗಿದ್ದರು. ಅವರಿಗೆ ವಿಶ್ವವಿದ್ಯಾಲಯದ ಪೀಠವಿರಲಿಲ್ಲ, ರಾಜಾಶ್ರಯವಿರಲಿಲ್ಲ, ಸ್ವಂತದ್ದೆಂದು ಹೇಳಿಕೊಳ್ಳುವ ಕಾಸೂ ಇರಲಿಲ್ಲ. ಆದರೂ ಯೂರೋಪಿನಲ್ಲಿ ಯಾರೇ ಒಂದು ಹೊಸ ಸಂಗತಿಯನ್ನು ಕಂಡುಹಿಡಿಯಲಿ, ಅದು ಮೊದಲು ಆ ಸಂನ್ಯಾಸಿಯ ಕೋಣೆಗೆ ಪತ್ರರೂಪದಲ್ಲಿ ಬಂದು, ಅಲ್ಲಿಂದ ನಾನಾ ದಿಕ್ಕುಗಳಿಗೆ ಹರಡುತ್ತಿತ್ತು. ಅವರೇ ಮರಿನ್ ಮರ್ಸೆನ್ನರು. ಗಣಿತಶಾಸ್ತ್ರದಲ್ಲಿ ಒಂದು ಜಾತಿಯ ಸಂಖ್ಯೆಗಳಿಗೆ ಇಂದಿಗೂ ಅವರ ಹೆಸರೇ ನಿಂತಿದೆ. ಆ ಸಂಖ್ಯೆಗಳನ್ನು ಕುರಿತು ಅವರು 1644ರಲ್ಲಿ ಅಚ್ಚು ಹಾಕಿಸಿದ ಒಂದು ಸಣ್ಣ ಪಟ್ಟಿಯಲ್ಲಿ ಐದು ತಪ್ಪುಗಳಿದ್ದುವು. ಅವುಗಳನ್ನು ಪೂರ್ಣವಾಗಿ ಶೋಧಿಸಿ ತೀರ್ಮಾನಿಸಲು ವಿದ್ವಲ್ಲೋಕಕ್ಕೆ ಮುನ್ನೂರ ಮೂರು ವರ್ಷಗಳು ಬೇಕಾದುವು.

ಮರ್ಸೆನ್ನರು ಜನಿಸಿದ್ದು 1588ನೆಯ ಇಸವಿ ಸೆಪ್ಟೆಂಬರ್ 8ರಂದು, ಫ್ರಾನ್ಸ್ ದೇಶದ ಮೇನ್ ಪ್ರಾಂತದ ಊಆಜೆ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳು ದುಡಿದು ಉಣ್ಣುವ ಸಾಮಾನ್ಯ ಜನ. ಬಾಲಕನ ವಿದ್ಯಾಸಕ್ತಿಯನ್ನು ಕಂಡು ಅವರು ಅವನನ್ನು ಮೊದಲು ಲ ಮಾನ್ ಪಟ್ಟಣದ ಶಾಲೆಗೆ ಸೇರಿಸಿದರು. 1604ರಲ್ಲಿ ಲಾ ಫ್ಲೆಷ್ ಎಂಬಲ್ಲಿ ಜೆಸ್ಯುಯಿಟ್ ಪಾದ್ರಿಗಳ ಹೊಸ ವಿದ್ಯಾಲಯವು ಆರಂಭವಾದಾಗ ಮರಿನ್ ಅಲ್ಲಿ ವಿದ್ಯಾರ್ಥಿಯಾದನು. ಧರ್ಮಸಂಸ್ಥೆಯೊಂದು ತೆರೆದ ಬಾಗಿಲಿನ ಮೂಲಕವೇ ಆ ಹಳ್ಳಿಯ ಹುಡುಗನಿಗೆ ಭಾಷೆ, ತರ್ಕ, ಗಣಿತ, ತತ್ತ್ವಗಳೆಲ್ಲ ದೊರೆತುವು ಎಂಬುದನ್ನು ಇಲ್ಲಿ ನೆನೆಯಬೇಕು. ಮುಂದೆ ಜಗದ್ವಿಖ್ಯಾತರಾದ ದೆಕಾರ್ತ್ ಅವರೂ ಅದೇ ವಿದ್ಯಾಲಯದಲ್ಲಿ ಕಲಿತವರು; ಆದರೆ ಅವರು ಎಂಟು ವರ್ಷ ಕಿರಿಯರಾದ್ದರಿಂದ ಇಬ್ಬರ ಗಾಢಸ್ನೇಹವು ಬೆಳೆದದ್ದು ಬಹುಕಾಲದ ನಂತರ, ಪ್ಯಾರಿಸ್ಸಿನಲ್ಲಿ.

ಅನಂತರ ಪ್ಯಾರಿಸ್ಸಿನಲ್ಲಿ ಎರಡು ವರ್ಷ ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿ, 1611ರ ಜುಲೈ ತಿಂಗಳಿನಲ್ಲಿ ಮರ್ಸೆನ್ನರು ಮಿನಿಮ್ ಎಂಬ ಸಂನ್ಯಾಸಿ ಸಂಪ್ರದಾಯವನ್ನು ಪ್ರವೇಶಿಸಿದರು. ಪಾವೊಲಾ ಊರಿನ ಸಂತ ಫ್ರಾನ್ಸಿಸರು ಹದಿನೈದನೆಯ ಶತಮಾನದಲ್ಲಿ ಸ್ಥಾಪಿಸಿದ ಸಂಪ್ರದಾಯವಿದು. ಮಿನಿಮ್ ಎಂದರೆ ಕಿರಿಯರಲ್ಲಿ ಕಿರಿಯರು ಎಂದರ್ಥ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳ ಜೊತೆಗೆ ಇವರಿಗೆ ನಾಲ್ಕನೆಯ ವ್ರತವೊಂದುಂಟು: ಮಾಂಸವನ್ನೂ ಮೊಟ್ಟೆಯನ್ನೂ ಮಾತ್ರವಲ್ಲ, ಹಾಲು ಬೆಣ್ಣೆಗಳನ್ನೂ ಜೀವನಪರ್ಯಂತ ತ್ಯಜಿಸಬೇಕು. ಮರ್ಸೆನ್ನರು ನೆವೇರ್ ಪಟ್ಟಣದ ಮಠದಲ್ಲಿ ಕೆಲವು ವರ್ಷ ತತ್ತ್ವಶಾಸ್ತ್ರವನ್ನು ಬೋಧಿಸಿದರು. 1619ರಲ್ಲಿ ಪ್ಯಾರಿಸ್ಸಿನ ಮಠಕ್ಕೆ ಮರಳಿದವರು ಕೆಲವು ಪ್ರವಾಸಗಳನ್ನು ಬಿಟ್ಟರೆ ಕೊನೆಯವರೆಗೂ ಅಲ್ಲಿಯೇ ನೆಲೆಸಿದರು.

ಮೊದಮೊದಲು ಅವರ ಲೇಖನಿಯು ಖಂಡನೆಯ ಲೇಖನಿಯಾಗಿತ್ತು. 1623ರಲ್ಲಿ ಪ್ರಕಟವಾದ ಬೈಬಲ್ಲಿನ ಸೃಷ್ಟಿಕಾಂಡದ ಬೃಹದ್ ವ್ಯಾಖ್ಯಾನದಲ್ಲಿಯೂ ಮರುವರ್ಷದ ಗ್ರಂಥದಲ್ಲಿಯೂ ನಾಸ್ತಿಕರನ್ನು, ಮಂತ್ರವಾದಿಗಳನ್ನು, ಸ್ವಮತದಿಂದ ಸರಿದವರನ್ನು ಅವರು ಬಹು ಕಠೋರವಾಗಿ ಟೀಕಿಸಿದರು. ಆ ಭಾಗಗಳು ಇಂದು ಓದಲು ಹಿತವಲ್ಲ. ಆದರೆ 1625ರಲ್ಲಿ ವಿಜ್ಞಾನಗಳ ಸತ್ಯವನ್ನು ಕುರಿತು ಬರೆದ ಗ್ರಂಥದಲ್ಲಿ ಅವರ ಬುದ್ಧಿಯು ಬೇರೆ ದಾರಿ ಹಿಡಿದಿತ್ತು. ವಸ್ತುಗಳ ಅಂತಸ್ತತ್ತ್ವವು ಮನುಷ್ಯನಿಗೆ ಎಟುಕದೆಹೋದರೂ, ಅಳೆದು, ಎಣಿಸಿ, ಪ್ರಯೋಗ ಮಾಡಿ ತಿಳಿದದ್ದು ಬಾಳಿಗೆ ಸಾಕಾಗುವಷ್ಟು ನಿಶ್ಚಿತವಾದ ಜ್ಞಾನ ಎಂಬುದು ಅವರ ನಿಲುವಾಯಿತು. ಅಲ್ಲಿಂದ ಮುಂದೆ ಅವರು ಅಳೆಯುವವರಾದರು.

1633ರಲ್ಲಿ ರೋಮಿನ ಧರ್ಮಾಧಿಕಾರಿಗಳು ಗೆಲಿಲಿಯೊ ಅವರಿಗೆ ಶಿಕ್ಷೆ ವಿಧಿಸಿದರು. ಅದಾದ ಮರುವರ್ಷವೇ, ಅದೇ ಧರ್ಮಪೀಠಕ್ಕೆ ವಿಧೇಯರಾದ ಸಂನ್ಯಾಸಿಯಾಗಿದ್ದ ಮರ್ಸೆನ್ನರು, ಗೆಲಿಲಿಯೊ ಅವರ ಯಂತ್ರಶಾಸ್ತ್ರವನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. 1639ರಲ್ಲಿ ಚಲನೆಯನ್ನು ಕುರಿತ ಗೆಲಿಲಿಯೊ ಅವರ ಹೊಸ ವಿಚಾರಗಳನ್ನೂ ಅದೇ ಭಾಷೆಗೆ ತಂದರು. ಆದರೆ ಭಕ್ತಿಯಿಂದ ನಂಬಿ ಸುಮ್ಮನಿರುವುದು ಅವರ ಸ್ವಭಾವವಲ್ಲ. ಬೀಳುವ ವಸ್ತುಗಳ ವೇಗವನ್ನು ತಾವೇ ಪರೀಕ್ಷಿಸಿ, ಗೆಲಿಲಿಯೊ ಅವರು ಕೊಟ್ಟ ಅಳತೆಗಳು ಸರಿಹೊಂದದೆಡೆಯಲ್ಲಿ ಹಾಗೆಂದು ಬರೆದರು.

ಸಂಗೀತವು ಅವರಿಗೆ ಪ್ರಾಣಪ್ರಿಯವಾಗಿತ್ತು. 1636-37ರಲ್ಲಿ ಪ್ರಕಟವಾದ ಹಾರ್ಮನಿ ಯೂನಿವರ್ಸೆಲ್ ಎಂಬ ಮಹಾಗ್ರಂಥದಲ್ಲಿ ಅಂದಿನ ವಾದ್ಯಗಳ ರಚನೆಯನ್ನು ಚಿತ್ರಸಹಿತವಾಗಿ ವರ್ಣಿಸಿದ್ದಲ್ಲದೆ, ತಂತಿಯ ಕಂಪನದ ನಿಯಮಗಳನ್ನೂ ನಿರೂಪಿಸಿದ್ದಾರೆ. ತಂತಿಯ ಉದ್ದವನ್ನು ಅರ್ಧಕ್ಕಿಳಿಸಿದರೆ ಕಂಪನಗಳು ಇಮ್ಮಡಿಯಾಗುತ್ತವೆ. ಉದ್ದವನ್ನು ಹಾಗೆಯೇ ಇಟ್ಟು ಬಿಗಿತದಿಂದಲೇ ಅದೇ ಫಲವನ್ನು ಪಡೆಯಬೇಕಾದರೆ ಎಳೆತವನ್ನು ನಾಲ್ಮಡಿ ಮಾಡಬೇಕು. ವೀಣೆಯ ಬಿರಡೆಯನ್ನು ತಿರುಗಿಸಿ ಶ್ರುತಿ ಕೂಡಿಸುವವರ ಕೈಗೆ ಇದು ಗೊತ್ತಿರುವ ಸಂಗತಿಯೇ. ಅದನ್ನು ಅಂಕಿಗಳಲ್ಲಿ ಹಿಡಿದು ಕೊಟ್ಟವರು ಮರ್ಸೆನ್ನರು. ಕಣ್ಣಿನಿಂದ ಎಣಿಸಬಹುದಾದಷ್ಟು ನಿಧಾನವಾಗಿ ತೂಗುವ ಬಹು ಉದ್ದದ ತಂತಿಗಳನ್ನು ಕಟ್ಟಿ, ಅವುಗಳ ಕಂಪನವನ್ನು ಲೆಕ್ಕಹಾಕಿ, ಅದರಿಂದ ಕಿವಿಗೆ ಕೇಳಿಸುವ ಸ್ವರದ ಕಂಪನಸಂಖ್ಯೆಯನ್ನು ನಿರ್ಣಯಿಸಿದರು. ಫಿರಂಗಿಯ ಕಿಡಿ ಕಂಡ ಕ್ಷಣಕ್ಕೂ ಸದ್ದು ಕೇಳಿದ ಕ್ಷಣಕ್ಕೂ ನಡುವಣ ಅಂತರದಿಂದಲೂ, ಪ್ರತಿಧ್ವನಿಯಿಂದಲೂ ಶಬ್ದದ ವೇಗವನ್ನು ಅಳೆಯಲು ಯತ್ನಿಸಿದರು.

ಇದೆಲ್ಲಕ್ಕಿಂತ ಮಿಗಿಲಾದ ಕಾರ್ಯವೆಂದರೆ ಅವರ ಪತ್ರವ್ಯವಹಾರ. ವಿಜ್ಞಾನ ಪತ್ರಿಕೆಗಳು ಇನ್ನೂ ಹುಟ್ಟಿರದ ಕಾಲವದು. ಹಾಲೆಂಡಿನಲ್ಲಿದ್ದ ದೆಕಾರ್ತ್, ತುಲೂಸಿನ ನ್ಯಾಯಾಧಿಕಾರಿ ಫರ್ಮಾ, ಇಟಲಿಯ ಟೊರಿಸೆಲ್ಲಿ, ಇಂಗ್ಲೆಂಡಿನ ಹಾಬ್ಸ್, ಖಗೋಳಜ್ಞರಾದ ಗಸಾಂದಿ, ಇವರೆಲ್ಲರನ್ನೂ ಕೂಡಿಸಿದ ದಾರ ಮರ್ಸೆನ್ನರ ಲೇಖನಿ. 1635ರಿಂದ ಅವರ ಸುತ್ತ ಪ್ಯಾರಿಸ್ಸಿನ ಗಣಿತಜ್ಞರ ಒಂದು ಗೋಷ್ಠಿಯೂ ಸೇರತೊಡಗಿತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು 1666ರಲ್ಲಿ ಸ್ಥಾಪನೆಯಾಗುವುದಕ್ಕೆ ಮುನ್ನ ಇದೇ ಅದರ ಬೀಜವಾಗಿತ್ತು. ತಂದೆಯೊಡನೆ ಆ ಗೋಷ್ಠಿಗೆ ಬರುತ್ತಿದ್ದ ಬ್ಲೇಸ್ ಪಾಸ್ಕಲ್ ಎಂಬ ಬಾಲಕನು ಶಂಕುಚ್ಛೇದಗಳನ್ನು ಕುರಿತ ತನ್ನ ಲೇಖನವನ್ನು 1640ರಲ್ಲಿ ಮುದ್ರಿಸಿದಾಗ ಅವನಿಗೆ ಹದಿನಾರು ತುಂಬಿತ್ತಷ್ಟೆ. ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಎಂಬ ಹದಿನೇಳರ ತರುಣನ ಪ್ರತಿಭೆಯನ್ನು 1646ರಲ್ಲಿ ಪತ್ರಮುಖೇನವೇ ಗುರುತಿಸಿ, ಅವನನ್ನು ಆರ್ಕಿಮಿಡೀಸನಿಗೆ ಹೋಲಿಸಿದವರೂ ಮರ್ಸೆನ್ನರೇ.

ಅವರಲ್ಲಿ ದೋಷವಿರಲಿಲ್ಲವೆಂದಲ್ಲ. ಒಬ್ಬರು ಬರೆದುದನ್ನು ಇನ್ನೊಬ್ಬರಿಗೆ ತೋರಿಸುವ ಅವರ ಉತ್ಸಾಹಕ್ಕೆ ಮಿತಿ ಇರಲಿಲ್ಲ. 1637-38ರಲ್ಲಿ ಫರ್ಮಾ ಮತ್ತು ದೆಕಾರ್ತ್ ಅವರ ನಡುವೆ ಎದ್ದ ಕಹಿಯಾದ ವಾದಕ್ಕೆ ಈ ಪತ್ರಗಳ ಓಡಾಟವೇ ದಾರಿಯಾಯಿತು. ಆದರೆ ಆ ಜಗಳದಿಂದ ಗಣಿತವು ಬೆಳೆಯಿತೆಂಬುದೂ ನಿಜ.

ಈಗ ಸಂಖ್ಯೆಗಳ ವಿಷಯ. 1ನ್ನೂ ತನ್ನನ್ನೂ ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡದಾದ ಪೂರ್ಣಾಂಕವು ಅವಿಭಾಜ್ಯ ಸಂಖ್ಯೆ ಎನಿಸುತ್ತದೆ. 2, 3, 5, 7, 11 ಇತ್ಯಾದಿಗಳು ಅಂಥವು. ಇನ್ನು ತನ್ನ ಭಾಜಕಗಳನ್ನು, ತನ್ನನ್ನು ಬಿಟ್ಟು, ಕೂಡಿದರೆ ತಾನೇ ಬರುವ ಸಂಖ್ಯೆಗೆ ಪರಿಪೂರ್ಣ ಸಂಖ್ಯೆ ಎಂದು ಹೆಸರು. 6ರ ಭಾಜಕಗಳಾದ 1, 2, 3 ಕೂಡಿದರೆ 6. 28ರ ಭಾಜಕಗಳಾದ 1, 2, 4, 7, 14 ಕೂಡಿದರೆ 28. ಆರು ದಿನಗಳಲ್ಲಿ ಜಗತ್ತು ಸೃಷ್ಟಿಯಾಯಿತೆಂಬ ಕ್ರೈಸ್ತರ ನಂಬುಗೆಯ ಕಾರಣದಿಂದ 6ರ ಪರಿಪೂರ್ಣತೆಗೆ ಅವರ ಪ್ರಾಚೀನ ಆಚಾರ್ಯರು ಬಹಳ ಮಹತ್ತ್ವ ಕೊಟ್ಟಿದ್ದರು. ಸೃಷ್ಟಿಕಾಂಡದ ವ್ಯಾಖ್ಯಾನಕಾರರಾದ ಮರ್ಸೆನ್ನರಿಗೆ ಈ ಸಂಖ್ಯೆಗಳಲ್ಲಿ ಆಸಕ್ತಿ ಹುಟ್ಟಿದ್ದು ಆಶ್ಚರ್ಯವಲ್ಲ.

2ನ್ನು 2ರಿಂದಲೇ ಮತ್ತೆ ಮತ್ತೆ ಗುಣಿಸಿ ಬಂದುದರಲ್ಲಿ 1ನ್ನು ಕಳೆದರೆ ಉಳಿಯುವ ಸಂಖ್ಯೆಯು ಅವಿಭಾಜ್ಯವಾದರೆ, ಅದರಿಂದ ಒಂದು ಪರಿಪೂರ್ಣ ಸಂಖ್ಯೆಯನ್ನು ಪಡೆಯಬಹುದೆಂದು ಗ್ರೀಸಿನ ಯೂಕ್ಲಿಡನು ಕ್ರಿಸ್ತಪೂರ್ವದಲ್ಲಿಯೇ ಸಾಧಿಸಿದ್ದನು. 2ರ 5ನೆಯ ಘಾತ 32. 1 ಕಳೆದರೆ 31, ಅವಿಭಾಜ್ಯ. ಅದನ್ನು 2ರ 4ನೆಯ ಘಾತವಾದ 16ರಿಂದ ಗುಣಿಸಿದರೆ 496 ಎಂಬ ಪರಿಪೂರ್ಣ ಸಂಖ್ಯೆ ಬರುತ್ತದೆ. ಹಾಗಾದರೆ ಯಾವ ಯಾವ ಘಾತಗಳಿಗೆ ಅವಿಭಾಜ್ಯ ದೊರೆಯುತ್ತದೆ? ಇದೇ ಪ್ರಶ್ನೆ. ಘಾತಾಂಕವು ವಿಭಾಜ್ಯವಾದರೆ ಫಲವೂ ವಿಭಾಜ್ಯವೇ. 2ರ 6ನೆಯ ಘಾತದಿಂದ 1 ಕಳೆದರೆ 63, ಅದು 3ರಿಂದಲೂ 7ರಿಂದಲೂ ಭಾಗವಾಗುತ್ತದೆ. ಆದರೆ ಘಾತಾಂಕವು ಅವಿಭಾಜ್ಯವಾದ ಮಾತ್ರಕ್ಕೆ ಫಲವು ಅವಿಭಾಜ್ಯವಾಗಲೇಬೇಕೆಂದಿಲ್ಲ. 11ನೆಯ ಘಾತದಲ್ಲಿ ಬರುವ 2047 ಎಂಬುದು 23 ಮತ್ತು 89ರ ಗುಣಲಬ್ಧ. ಇಲ್ಲಿಯೇ ಅನೇಕರು ಮುಗ್ಗರಿಸಿದರು.

ಫರ್ಮಾ ಅವರು 1640ರಲ್ಲಿ ಮರ್ಸೆನ್ನರಿಗೆ ಬರೆದ ಪತ್ರದಲ್ಲಿ ಇದಕ್ಕೊಂದು ಕೀಲಿಕೈಯನ್ನು ಕೊಟ್ಟರು. 2ಕ್ಕಿಂತ ದೊಡ್ಡದಾದ ಅವಿಭಾಜ್ಯ ಘಾತಾಂಕವಿದ್ದಾಗ ಇಂಥ ಸಂಖ್ಯೆಯ ಅವಿಭಾಜ್ಯ ಭಾಜಕಗಳೆಲ್ಲ ಘಾತಾಂಕದ ಇಮ್ಮಡಿಯ ಯಾವುದಾದರೊಂದು ಅಪವರ್ತ್ಯಕ್ಕಿಂತ 1 ಹೆಚ್ಚಾಗಿಯೇ ಇರಬೇಕು. 37ನೆಯ ಘಾತದ ಸಂಖ್ಯೆ 137438953471. ಇದರ ಭಾಜಕವು 74ರ ಅಪವರ್ತ್ಯಕ್ಕೆ 1 ಕೂಡಿದಂತಿರಬೇಕು. 74ನ್ನು ಮೂರರಿಂದ ಗುಣಿಸಿ 1 ಕೂಡಿದರೆ 223. ಭಾಗಿಸಿ ನೋಡಿದರೆ ಶೇಷವಿಲ್ಲ. ಅದಕ್ಕೆ ಮುನ್ನ ಅವಿಭಾಜ್ಯವೆಂದು ಗ್ರಂಥಸ್ಥವಾಗಿದ್ದ ಸಂಖ್ಯೆಯೊಂದು ಹೀಗೆ ಕ್ಷಣಾರ್ಧದಲ್ಲಿ ಒಡೆಯಿತು. 1643ರಲ್ಲಿ ಮರ್ಸೆನ್ನರು ಪರೀಕ್ಷೆಗಾಗಿ 100895598169 ಎಂಬ ಸಂಖ್ಯೆಯನ್ನು ಕಳುಹಿಸಿ ಇದು ಅವಿಭಾಜ್ಯವೇ ಎಂದು ಕೇಳಿದರು. ಅದು 898423 ಮತ್ತು 112303ರ ಗುಣಲಬ್ಧವೆಂದು ಫರ್ಮಾ ಅವರಿಂದ ಉತ್ತರ ಬಂತು.

ಮರುವರ್ಷ, ಅಂದರೆ 1644ರಲ್ಲಿ, ಮರ್ಸೆನ್ನರ ಕೊಗಿಟಾಟಾ ಫಿಸಿಕೊ-ಮ್ಯಾಥಮ್ಯಾಟಿಕಾ ಎಂಬ ಲ್ಯಾಟಿನ್ ಗ್ರಂಥವು ಹೊರಬಂದಿತು. ಹಿಂದಿನವರೊಬ್ಬರ ಗ್ರಂಥದಲ್ಲಿ ಪರಿಪೂರ್ಣವೆಂದು ಕೊಟ್ಟಿದ್ದ ಸಂಖ್ಯೆಗಳಲ್ಲಿ ಬಹುಪಾಲು ತಪ್ಪೆಂದು ಅದರ ಮುನ್ನುಡಿಯಲ್ಲಿ ತೋರಿಸಿ, ತಾವೇ ಒಂದು ಪಟ್ಟಿಯನ್ನು ಕೊಟ್ಟರು. 257ರವರೆಗೆ ಅವಿಭಾಜ್ಯಗಳನ್ನು ಕೊಡುವ ಘಾತಾಂಕಗಳು ಅವರ ಪ್ರಕಾರ ಹನ್ನೊಂದು: 2, 3, 5, 7, 13, 17, 19, 31, 67, 127, 257. ಇವುಗಳಲ್ಲಿ ಕೊನೆಯದರ ಸಂಖ್ಯೆಯು 78 ಅಂಕಿಗಳುಳ್ಳದ್ದು. ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೇ ಅಲ್ಲವೇ ಎಂದು ನಿರ್ಣಯಿಸಲು ಇರುವ ಕಾಲವೆಲ್ಲ ಸಾಲದೆಂದು ಅವರೇ ಅಲ್ಲಿ ಒಪ್ಪಿಕೊಂಡಿದ್ದಾರೆ. ಹಾಗಿದ್ದೂ ಪಟ್ಟಿಯನ್ನು ನಿಸ್ಸಂದೇಹವಾಗಿ ಕೊಟ್ಟರು. ಆಧಾರವನ್ನು ಮಾತ್ರ ಕೊಡಲಿಲ್ಲ. ಪರರ ತಪ್ಪನ್ನು ತಿದ್ದುವ ಪುಟದಲ್ಲಿಯೇ ತಮ್ಮ ತಪ್ಪನ್ನು ಬಿತ್ತಿದಂತಾಯಿತು. 61ರ ಬದಲು 67 ಎಂದು ಅಚ್ಚಾಗಿರಬಹುದೆಂದು ಅವರ ಪರವಾಗಿ ವಾದಿಸಿದವರುಂಟು. ಹಾಗೆಂದು ಒಪ್ಪಿದರೂ ಉಳಿದ ಮೂರು ತಪ್ಪುಗಳಿಗೆ ಸಮಾಧಾನ ಸಿಕ್ಕುವುದಿಲ್ಲ.

ಅದೇ ವರ್ಷ ಅವರು ಇಟಲಿಗೆ ಪ್ರಯಾಣ ಬೆಳೆಸಿ, ಟೊರಿಸೆಲ್ಲಿ ಅವರು ಪಾದರಸದ ನಳಿಗೆಯಿಂದ ಮಾಡಿದ ಪ್ರಯೋಗದ ವಾರ್ತೆಯನ್ನು ಫ್ರಾನ್ಸಿಗೆ ತಂದರು. ಪ್ಯಾರಿಸ್ಸಿನಲ್ಲಿ ಅದನ್ನು ಮಾಡಿ ನೋಡಲು ತಕ್ಕ ಗಾಜಿನ ನಳಿಗೆ ದೊರೆಯಲಿಲ್ಲ. ಆದರೆ ಆ ವಾರ್ತೆಯು ಪಾಸ್ಕಲ್ ಅವರನ್ನು ಮುಟ್ಟಿತು. ವಾಯುವಿಗೆ ಭಾರವುಂಟೆಂಬುದನ್ನು ಪರ್ವತಶಿಖರದ ಮೇಲೆ ಸ್ಥಿರಪಡಿಸಿದ ಪ್ರಸಿದ್ಧ ಪ್ರಯೋಗವು 1648ರ ಸೆಪ್ಟೆಂಬರ್ 19ರಂದು ನಡೆಯಿತು. ಮರ್ಸೆನ್ನರು ಆ ಸುದ್ದಿಯನ್ನು ಕೇಳಲಿಲ್ಲ. ಆ ಬೇಸಗೆಯಲ್ಲಿ ಎದೆಯೊಳಗೆ ಕೀವುಗಟ್ಟಿ ಹಾಸಿಗೆ ಹಿಡಿದಿದ್ದ ಅವರಿಗೆ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರಾದರೂ ಕುರುವಿದ್ದ ಸ್ಥಳವನ್ನು ಮುಟ್ಟಲಿಲ್ಲ. ಸೆಪ್ಟೆಂಬರ್ 1ರಂದು, ಅರುವತ್ತು ತುಂಬಲು ಇನ್ನು ಏಳೇ ದಿನಗಳಿರುವಾಗ, ಮಿತ್ರರಾದ ಗಸಾಂದಿ ಅವರ ಸಾನ್ನಿಧ್ಯದಲ್ಲಿ ಪ್ರಾಣಬಿಟ್ಟರು. ತಮ್ಮ ಶರೀರವನ್ನು ಕೊಯ್ದು ರೋಗದ ಕಾರಣವನ್ನು ಪರೀಕ್ಷಿಸಬೇಕೆಂದು ಮೊದಲೇ ತಿಳಿಸಿದ್ದರು, ಹಾಗೆಯೇ ಮಾಡಲಾಯಿತು. ಕೋಣೆಯಲ್ಲಿ ಎಪ್ಪತ್ತೆಂಟು ಮಂದಿಯ ಪತ್ರಗಳು ದೊರೆತುವು. ಈ ಪತ್ರಗಳ ಸಮಗ್ರ ಸಂಪಾದನೆಯು 1932ರಲ್ಲಿ ಆರಂಭವಾಗಿ 1988ರಲ್ಲಿ ಹದಿನೇಳನೆಯ ಸಂಪುಟದೊಂದಿಗೆ ಮುಗಿಯಿತು.

ಪಟ್ಟಿ ಮಾತ್ರ ಹಾಗೆಯೇ ಉಳಿಯಿತು. 31ನೆಯ ಘಾತದ 2147483647 ಎಂಬ ಸಂಖ್ಯೆಯು ನಿಜವಾಗಿಯೂ ಅವಿಭಾಜ್ಯವೆಂದು 1772ರಲ್ಲಿ ಆಯ್ಲರ್ ಅವರು ತೋರಿಸಿದರು. ಆಗ ಅವರು ಬಹುಮಟ್ಟಿಗೆ ಅಂಧರು. ಫರ್ಮಾ ಅವರ ನಿಯಮಕ್ಕೆ ಇನ್ನೊಂದನ್ನು ಸೇರಿಸಿ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯುವ ಅವಿಭಾಜ್ಯಗಳನ್ನು ಮಾತ್ರ, ಅದೂ 46340ರೊಳಗೆ, ಪರೀಕ್ಷಿಸಿದರೆ ಸಾಕೆಂದು ಕಂಡುಕೊಂಡದ್ದರಿಂದ ಇದು ಸಾಧ್ಯವಾಯಿತು.

127ನೆಯ ಘಾತಕ್ಕೆ ಈ ಮಾರ್ಗವು ನಿಷ್ಪ್ರಯೋಜಕ. ಆ ಸಂಖ್ಯೆಯು 170141183460469231731687303715884105727. ಒಟ್ಟು 39 ಅಂಕಿಗಳು. ಫರ್ಮಾ ಅವರ ನಿಯಮದಂತೆ 254ರ ಅಪವರ್ತ್ಯಕ್ಕಿಂತ 1 ಹೆಚ್ಚಾದವುಗಳಿಂದ ಮಾತ್ರ ಭಾಗಿಸುತ್ತ, ಸೆಕೆಂಡಿಗೊಂದರಂತೆ ಹಗಲಿರುಳೂ ಕುಳಿತರೂ ನೂರ ಅರುವತ್ತು ಕೋಟಿ ವರ್ಷಗಳಿಗೆ ಮಿಕ್ಕು ಬೇಕು. ಭಾಗಿಸದೆಯೇ ನಿರ್ಣಯಿಸುವ ಉಪಾಯವನ್ನು ಕಂಡವರು ಫ್ರಾನ್ಸಿನ ಎದುಆರ್ ಲ್ಯೂಕಾ ಎಂಬ ಅಧ್ಯಾಪಕರು. ಮುಂದೆ ಲೇಮರ್ ಎಂಬ ಅಮೆರಿಕದ ಗಣಿತಜ್ಞರು ಸರಳಗೊಳಿಸಿದ ರೂಪದಲ್ಲಿ ಆ ಉಪಾಯವು ಶಾಲಾಬಾಲಕರಿಗೂ ಅರ್ಥವಾಗುವಂಥದು. 4ರಿಂದ ಆರಂಭಿಸಿ, ಅದನ್ನು ವರ್ಗ ಮಾಡಿ 2 ಕಳೆಯಬೇಕು. ಬಂದುದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಆ ಶೇಷವನ್ನು ಮತ್ತೆ ವರ್ಗ ಮಾಡಿ 2 ಕಳೆಯಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆಯು ಅವಿಭಾಜ್ಯ, ಬಾರದಿದ್ದರೆ ಅಲ್ಲ. 7ನೆಯ ಘಾತದ 127ನ್ನೇ ನೋಡಬಹುದು: 4, 14, 67, 42, 111, ಕೊನೆಗೆ 0. ಐದು ಹೆಜ್ಜೆಗಳಲ್ಲಿ ತೀರ್ಪು ಸಿಕ್ಕಿತು. 39 ಅಂಕಿಗಳ ಸಂಖ್ಯೆಗೆ 125 ಹೆಜ್ಜೆಗಳು ಸಾಕು. ಎರಡೇ ಚಿಹ್ನೆಗಳುಳ್ಳ ಅಂಕಪದ್ಧತಿಯಲ್ಲಿ ಬರೆದರೆ ಆ ಸಂಖ್ಯೆಯು 127 ಒಂದುಗಳ ಸಾಲು. ಆದ್ದರಿಂದ ಅಲ್ಲಿ ಭಾಗಾಕಾರವೂ ಬೇಕಿಲ್ಲ, 127 ಸ್ಥಾನಗಳನ್ನು ಮೀರಿದ ಭಾಗವನ್ನು ಕೆಳಗಿಳಿಸಿ ಕೂಡಿದರೆ ಆಯಿತು. ಹೀಗೆ ಗಾತ್ರದಲ್ಲಿ ಭಯಂಕರವಾದುದು ರಚನೆಯಲ್ಲಿ ಸರಳವಾಗಿತ್ತು.

1876ರಲ್ಲಿ ಲ್ಯೂಕಾ ಅವರು ಎರಡು ಸಂಗತಿಗಳನ್ನು ಪ್ರಕಟಿಸಿದರು. 127ರ ವಿಷಯದಲ್ಲಿ ಮರ್ಸೆನ್ನರು ಹೇಳಿದ್ದು ಸತ್ಯ. 67ರ ವಿಷಯದಲ್ಲಿ ಹೇಳಿದ್ದು ತಪ್ಪು. ಯಂತ್ರದ ನೆರವಿಲ್ಲದೆ ಸಾಧಿಸಿದ ಆ 39 ಅಂಕಿಗಳ ಸಂಖ್ಯೆಯು 1951ರವರೆಗೆ, ಎಪ್ಪತ್ತೈದು ವರ್ಷ, ಮಾನವನಿಗೆ ತಿಳಿದ ಅತಿದೊಡ್ಡ ಅವಿಭಾಜ್ಯವಾಗಿ ಉಳಿಯಿತು. ಹನೋಯ್ ಗೋಪುರವೆಂಬ ಬಿಲ್ಲೆಗಳ ಆಟವನ್ನು 1883ರಲ್ಲಿ ಕಲ್ಪಿಸಿದವರೂ ಇದೇ ಲ್ಯೂಕಾ. ಅದರೊಡನೆ ಕಾಶಿಯ ದೇವಾಲಯವೊಂದರ 64 ಚಿನ್ನದ ಬಿಲ್ಲೆಗಳ ಕಟ್ಟುಕಥೆಯೂ ಹರಡಿತು. ಆ ಬಿಲ್ಲೆಗಳನ್ನು ಸ್ಥಳಾಂತರಿಸಲು ಬೇಕಾದ ನಡೆಗಳ ಸಂಖ್ಯೆಯೂ 2ರ ಘಾತಕ್ಕೆ 1 ಕಡಿಮೆ.

67ನೆಯ ಘಾತದ ಸಂಖ್ಯೆಯು ವಿಭಾಜ್ಯವೆಂದು ಲ್ಯೂಕಾ ತಿಳಿಸಿದರೇ ಹೊರತು ಅದರ ಅಪವರ್ತನಗಳನ್ನು ಕೊಡಲಿಲ್ಲ. ಅವರ ವಿಧಾನದಲ್ಲಿ ಅವು ದೊರೆಯುವುದೂ ಇಲ್ಲ. 1903ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕರು ಎದ್ದು, ಒಂದೂ ಮಾತನಾಡದೆ, ಕರಿಹಲಗೆಯ ಮೇಲೆ 2ರ 67ನೆಯ ಘಾತವನ್ನು ಲೆಕ್ಕಹಾಕಿ 1 ಕಳೆದರೆಂದೂ, ಪಕ್ಕದಲ್ಲಿ 193707721ನ್ನು 761838257287ರಿಂದ ಗುಣಿಸಿದರೆಂದೂ, ಎರಡು ಕಡೆಯೂ 147573952589676412927 ಬಂದಾಗ ಸುಮ್ಮನೆ ಹೋಗಿ ಕುಳಿತರೆಂದೂ ಹೇಳುತ್ತಾರೆ. ಸಭೆಯು ಕರತಾಡನ ಮಾಡಿತಂತೆ. ಇದಕ್ಕೆ ಅವರು ವ್ಯಯಮಾಡಿದ್ದು ಮೂರು ವರ್ಷಗಳ ಭಾನುವಾರಗಳನ್ನು ಎಂಬುದೂ ಪ್ರತೀತಿ.

ಮರ್ಸೆನ್ನರು ಬಿಟ್ಟುಬಿಟ್ಟಿದ್ದ 61 ಅವಿಭಾಜ್ಯವನ್ನು ಕೊಡುತ್ತದೆಂದು ರಷ್ಯಾದ ಪೆರ್ವುಷಿನ್ ಎಂಬ ಪಾದ್ರಿಯವರು 1883ರಲ್ಲಿ ಕಂಡರು. 89 ಮತ್ತು 107ನ್ನು ಅಮೆರಿಕದ ಪವರ್ಸ್ ಅವರು 1911 ಮತ್ತು 1914ರಲ್ಲಿ ಸೇರಿಸಿದರು. 257ರ ಸಂಖ್ಯೆಯು ವಿಭಾಜ್ಯವೆಂದು 1920ರ ದಶಕದಲ್ಲಿ ತಿಳಿದುಬಂದಿತು. ಅದರ ಅತಿ ಚಿಕ್ಕ ಅಪವರ್ತನವಾದ 535006138814359 ಸಿಕ್ಕಿದ್ದು ಗಣಕಯಂತ್ರಗಳ ಕಾಲದಲ್ಲಿ. 257ರವರೆಗಿನ ಎಲ್ಲ ಘಾತಗಳ ಪರೀಕ್ಷೆಯು 1947ರಲ್ಲಿ ಮುಗಿದಾಗ ಸರಿಯಾದ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದುವು. 127 ಅವುಗಳಲ್ಲಿ ಕೊನೆಯದು.

ಲ್ಯೂಕಾರ ಕ್ರಮವೇ ಲೇಮರ್ ಅವರ ರೂಪದಲ್ಲಿ ಗಣಕಯಂತ್ರಗಳಿಗೂ ದಾರಿಯಾಯಿತು. 2024ರ ಅಕ್ಟೋಬರ್ ತಿಂಗಳಿನಲ್ಲಿ ಈ ಜಾತಿಯ 52ನೆಯ ಅವಿಭಾಜ್ಯವು ದೊರೆಯಿತು. ಅದರ ಘಾತಾಂಕ 136279841. ಅಂಕಿಗಳ ಸಂಖ್ಯೆ 41024320. ಅದನ್ನೂ ಮರ್ಸೆನ್ ಅವಿಭಾಜ್ಯವೆಂದೇ ಕರೆಯುತ್ತಾರೆ.